ನಡುವೆ ಬಾಯಿ ಹಾಕುವ ಹೆಂಗಸು

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇನ್ನೂ ಐದು ನಿಮಿಷ ಇರುವಾಗಲೇ ಪುಟ್ಟಿ ಮನೆಯವರನ್ನೆಲ್ಲ ಟೀವಿ ಮುಂದೆ ಕೂರಿಸಿದ್ದಳು. ಸುಮ್ಮನೆ ಕೂತವರಲ್ಲ ಅವರು. ಒಂದು ವಾರ ದುಂಬಾಲು ಬಿದ್ದು, ಕಾಡಿ ಬೇಡಿ, ಕೊನೆಗೆ "ನೀವು ಬರದಿದ್ರೆ ನಾನು ಊಟ ಮಾಡಲ್ಲ" ಎಂಬ ಮೂರು ವರ್ಷದ ಮಕ್ಕಳ ಅಸ್ತ್ರವನ್ನು ಇಪ್ಪತ್ತೇಳನೆಯ ವಯಸ್ಸಿನಲ್ಲಿ ಪ್ರಯೋಗಿಸಿ ಕೂರಿಸಿದ್ದಳು. ಇಷ್ಟೆಲ್ಲ ಕಸರತ್ತು ಬೇಕಾಗಿದ್ದು ಒಬ್ಬರಿಗೆ ಮಾತ್ರ. ಅಮ್ಮ ಸಿನಿಮಾ ಅಂದರೆ ಒಲೆ ಆರಿಸಿ ಓಡಿಬರುವವಳು. ಅಣ್ಣ ಬಸ್ ಡ್ರೈವರು, ರಜೆಯ ದಿನ ಸೋಫಾ ಬಿಟ್ಟು ಏಳುವ ಜಾತಿಯಲ್ಲ. ಕಷ್ಟ ಇದ್ದದ್ದು ಅಪ್ಪನದು.

ಅಪ್ಪ ಆ ಬೀದಿಗೆಲ್ಲ ಟೀವಿ ಡಾಕ್ಟರು. ಮೂವತ್ತು ವರ್ಷ ರಿಪೇರಿ ಅಂಗಡಿ ನಡೆಸಿ, ಯಾವ ಮನೆಯ ಟೀವಿಯ ಹೊಟ್ಟೆಯೊಳಗೆ ಏನಿದೆ ಎಂದು ಆ ಮನೆಯವರಿಗಿಂತ ಚೆನ್ನಾಗಿ ಬಲ್ಲವರು. ಆರು ವರ್ಷದ ಹಿಂದೆ ಕಣ್ಣಿನ ನರ ಸೋತು, ಮೊದಲು ಅಂಚುಗಳು, ಆಮೇಲೆ ನಡುಭಾಗ, ಹೀಗೆ ಪೂರ್ತಿ ನೋಟ ಹೋಯಿತು. ಅಂಗಡಿ ಮುಚ್ಚಿದರು. ಸಿನಿಮಾಕ್ಕೆ ಮೊದಮೊದಲು ಕೂರುತ್ತಿದ್ದರು, ಮನೆಯವರ ವಿವರಣೆ ಕೇಳಿ ಕೇಳಿ ಅದನ್ನೂ ಬಿಟ್ಟರು. ಅಮ್ಮ "ಅಯ್ಯೋ, ಎಂಥಾ ಕೆಲಸ ಮಾಡಿಬಿಟ್ಟ ನೋಡ್ರೀ!" ಎನ್ನುವಳೇ ಹೊರತು ಯಾರು, ಯಾವ ಕೆಲಸ ಎಂದು ಹೇಳುವುದರೊಳಗೆ ಕಥೆ ಮೂರು ಮನೆ ದಾಟಿರುತ್ತಿತ್ತು. ಅಣ್ಣ ಹೇಳಿದರೆ "ಎಡಕ್ಕೆ ತಿರುಗಿದ, ನೇರ ಹೋದ, ನಿಂತ" ಎಂದು ಬಸ್ಸಿನ ರೂಟು ಹೇಳಿದಂತಿರುತ್ತಿತ್ತು. ಈಗೀಗ ಟೀವಿ ಹಾಕಿದರೆ ಅಪ್ಪ ಹಿತ್ತಿಲ ಕಟ್ಟೆಗೆ ಹೋಗಿ ಕೂತುಬಿಡುತ್ತಿದ್ದರು.

ಇದೇ ಪುಟ್ಟಿಯನ್ನು ಕೊರೆಯುತ್ತಿದ್ದ ಸಂಕಟ. ಎಂಟು ತಿಂಗಳ ಹಿಂದೆ ಅವಳಿಗೊಂದು ಕೆಲಸ ಸಿಕ್ಕಿತ್ತು. ಸಿನಿಮಾದಲ್ಲಿ ಮಾತು ನಿಂತಾಗ, ತೆರೆಯ ಮೇಲೆ ಏನು ನಡೆಯುತ್ತಿದೆ ಎಂದು ಕಣ್ಣು ಕಾಣದವರಿಗೆ ದನಿಯಲ್ಲಿ ಹೇಳುವ ಕೆಲಸ. ಕಿವಿಗೆ ಹೆಡ್‌ಫೋನ್ ಏರಿಸಿ ಮುಚ್ಚಿದ ಕೋಣೆಯಲ್ಲಿ ಕೂತು, ಎರಡು ಮಾತಿನ ನಡುವೆ ಸಿಗುವ ನಾಲ್ಕು ಸೆಕೆಂಡಿಗೆ ಆರೇ ಪದ ಹೊಂದಿಸಿ ಹೇಳಬೇಕು, ಉಸಿರೆಳೆದ ಸದ್ದೂ ಕೇಳಬಾರದು. ಮನೆಯಲ್ಲಿ "ದನಿ ಕೊಡೋ ಕೆಲಸ" ಎಂದಷ್ಟೇ ಹೇಳಿದ್ದಳು, ಅಪ್ಪ ಯಾವುದೋ ಅಂಗಡಿಯ ಜಾಹೀರಾತು ಎಂದುಕೊಂಡಿದ್ದರು. ಅವಳು ದನಿ ಕೊಟ್ಟ ಮೊದಲ ಸಿನಿಮಾ ಇವತ್ತು ಹತ್ತು ಗಂಟೆಗೆ ಆ್ಯಪಿನಲ್ಲಿ ಬರುವುದಿತ್ತು. ಮುಂಚೆ ಬಾಯಿ ಬಿಡದೆ ಅಪ್ಪನಿಗೆ ನೇರ ಕೇಳಿಸಿಯೇಬಿಡಬೇಕು ಎಂದು ಹಟ ಹಿಡಿದಿದ್ದಳು. ಗುಟ್ಟು ಅಂದರೆ ಗಂಟಲಲ್ಲೇ ತುರಿಕೆ ಬರುವ ಹುಡುಗಿ ಎಂಟು ತಿಂಗಳು ಹೇಗೆ ಸುಮ್ಮನಿದ್ದಳೋ ದೇವರೇ ಬಲ್ಲ.

"ಅರ್ಧ ಗಂಟೆ ಮಾತ್ರ," ಅಪ್ಪ ಕುರ್ಚಿಯ ತುದಿಯಲ್ಲಿ ಕೂತು ಹೇಳಿದರು. "ಆಮೇಲೆ ಎದ್ದು ಹೋಗ್ತೀನಿ. ಇನ್ನೊಂದು ದಿನ ಬಾ ಅಂದ್ರೆ ಬರಲ್ಲ, ಈಗಲೇ ಹೇಳಿದೀನಿ."

"ಆಯ್ತು, ಆಯ್ತು!" ಪುಟ್ಟಿಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಹತ್ತಾಯಿತು, ಸಿನಿಮಾ ಬಂತು, ಅವಳು ಗುಂಡಿ ಒತ್ತಿದಳು. ಇಬ್ಬರು ಕಳ್ಳರು ಒಂದು ಮನೆಯ ಗೋಡೆ ಹತ್ತುವುದರಿಂದ ಕಥೆ ಶುರು. ಮೊದಲ ಹತ್ತು ನಿಮಿಷ ಒಂದೇ ಒಂದು ಮಾತಿಲ್ಲ, ಬರೀ ಜೀರುಂಡೆ ಸದ್ದು. ಆ ಹತ್ತು ನಿಮಿಷವಿಡೀ ಪುಟ್ಟಿಯದೇ ದನಿ ಇರಬೇಕಿತ್ತು. ಜೀರುಂಡೆ ಕೂಗಿತು, ಹಂಚು ಜರುಗಿತು, ಪುಟ್ಟಿಯ ದನಿ ಮಾತ್ರ ಬರಲಿಲ್ಲ.

ಅವಳು ಗಡಬಡಿಸಿ ಎದ್ದಳು. ಸಿನಿಮಾ ನಿಲ್ಲಿಸಿ ಆಡಿಯೋ ಪಟ್ಟಿ ತೆರೆದಳು. ಬೆಳಿಗ್ಗೆ ಇನ್ನೊಂದು ಸಿನಿಮಾವನ್ನು ಫೋನಿನಲ್ಲಿ ನೋಡಿದಾಗ ಆ ಪಟ್ಟಿಯಲ್ಲಿ ಮೂರು ಸಾಲಿದ್ದವು, ಮೂರನೆಯದೇ 'ವಿವರಣೆ ಸಹಿತ'. ಇಲ್ಲಿ ಎರಡೇ ಎರಡು.

"ಯಾಕೆ ನಿಲ್ಲಿಸ್ದೆ?" ಅಪ್ಪ ಕೇಳಿದರು.

"ಒಂದು ಆಡಿಯೋ ಬರ್ತಿಲ್ಲ ಅಪ್ಪ."

"ಜೀರುಂಡೆ ಕೇಳಿಸ್ತಲ್ಲ?"

"ಅದಲ್ಲ, ಇನ್ನೊಂದು."

"ಇನ್ನೊಂದು ಯಾವುದು?"

"ಇದೆ ಒಂದು. ನಿಮಗೆ ಗೊತ್ತಾಗಲ್ಲ," ಎಂದು ಹೇಳಿ ಪುಟ್ಟಿ ತುಟಿ ಕಚ್ಚಿಕೊಂಡಳು. ಟೀವಿ ಡಾಕ್ಟರಿಗೆ ಟೀವಿ ವಿಷಯ ಗೊತ್ತಾಗಲ್ಲ ಎಂದು ಆ ಮನೆಯಲ್ಲಿ ಇದುವರೆಗೆ ಯಾರೂ ಹೇಳಿರಲಿಲ್ಲ.

ಅಣ್ಣನಿಗೆ ಅಷ್ಟೇ ಸಾಕಾಯಿತು. ಎದ್ದವನೇ ಪ್ಲಗ್ ಕಿತ್ತು, ಇಪ್ಪತ್ತು ಎಣಿಸಿ, ಮತ್ತೆ ಹಾಕಿದ. ಎರಡೇ ಸಾಲು. ನೆಟ್ಟಿನ ಡಬ್ಬಿಯನ್ನು ಆರಿಸಿ ಹೊತ್ತಿಸಿದ. ಎರಡೇ ಸಾಲು. ಅಮ್ಮ ಸೆರಗಿಗೆ ಸಿಕ್ಕಿದ ಧೂಳನ್ನೆಲ್ಲ ಒರೆಸಿ ತೆರೆಯನ್ನು ಫಳಫಳ ಮಾಡಿದಳು, ಅದರಿಂದ ಏನಾಗುತ್ತದೆ ಎಂದು ಅವಳನ್ನು ಯಾರೂ ಕೇಳಲಿಲ್ಲ. "ಎಲ್ಲಾ ಅಳಿಸಿ ಹೊಸದಾಗಿ ಶುರು ಮಾಡೋಣ್ವಾ?" ಎಂದು ಅಣ್ಣ ಕೈ ಉಜ್ಜಿಕೊಂಡಾಗ ಅಪ್ಪ ಕುರ್ಚಿಯ ತುದಿಯಿಂದ ಮುಂದಕ್ಕೆ ಬಾಗಿದರು.

"ಯಾರೂ ಏನೂ ಮುಟ್ಬೇಡಿ. ಪುಟ್ಟೀ, ಆ ನಿನ್ನ ಇನ್ನೊಂದು, ಫೋನಲ್ಲಿ ಬರುತ್ತಾ?"

ಪುಟ್ಟಿ ಅಡುಗೆಮನೆಗೆ ಓಡಿ, ಇಯರ್‌ಫೋನ್ ಸಿಕ್ಕಿಸಿ ಕೇಳಿದಳು. ಎರಡು ಕೈಗಳು ಗೋಡೆಯ ಅಂಚು ಹಿಡಿಯುತ್ತವೆ, ಎಂದು ಅವಳದೇ ದನಿ ಅವಳ ಕಿವಿಯಲ್ಲಿ ಹೇಳಿತು. "ಬರುತ್ತೆ!" ಎಂದು ಅಲ್ಲಿಂದಲೇ ಕಿರುಚಿದಳು.

"ಹಾಗಾದ್ರೆ ಸಿನಿಮಾ ಸರಿಯಾಗಿದೆ, ನೆಟ್ಟೂ ಸರಿಯಾಗಿದೆ. ರೋಗಿ ಟೀವೀನೇ. ಅದರೊಳಗಿನ ಆ್ಯಪು ಯಾವ ಕಾಲದ್ದು ನೋಡು."

ಅವಳು ಹುಡುಕಿದಳು. ಕೊನೆಯ ಅಪ್‌ಡೇಟ್ ಆಗಿ ಎರಡು ವರ್ಷ ಎರಡು ತಿಂಗಳು. ಎಲ್ಲರೂ ಅಣ್ಣನ ಕಡೆ ತಿರುಗಿದರು. ಅಣ್ಣ ಅಮ್ಮನ ಕಡೆ ತಿರುಗಿದ.

"ಅದಾ?" ಅಮ್ಮ ನಿರುಮ್ಮಳವಾಗಿ ಹೇಳಿದಳು. "ದಿನಾ ಬೆಳಿಗ್ಗೆ ಹಾಕಿದ ತಕ್ಷಣ ಏನೋ ಕೇಳುತ್ತೆ. 'ಈಗಲೇ' ಅಂತ ಒಂದು, 'ಆಮೇಲೆ' ಅಂತ ಒಂದು. ನಾನು 'ಆಮೇಲೆ' ಒತ್ತಿಬಿಡ್ತೀನಿ."

"ದಿನಾ?"

"ಒಂದ್ ದಿನಾನೂ ತಪ್ಪಿಸಿಲ್ಲ. ಗೊತ್ತಿಲ್ಲದ್ದು ಏನೇ ಕೇಳಿದ್ರೂ ಆಮೇಲೆ ಅನ್ನು ಅಂತ ಹೇಳಿದ್ದು ನೀವೇ ಅಲ್ವೇನ್ರೀ?"

ಅಪ್ಪ ಬಿದ್ದು ಬಿದ್ದು ನಕ್ಕರು. "ನನ್ನ ಮಾತು ಈ ಮನೇಲಿ ನಡೆಯೋದು ಇಂಥದ್ರಲ್ಲಿ ಮಾತ್ರ," ಎಂದರು. ಪುಟ್ಟಿ 'ಈಗಲೇ' ಒತ್ತಿದಳು. ನೀಲಿ ಪಟ್ಟಿ ಮೆಲ್ಲಗೆ ಬೆಳೆಯತೊಡಗಿತು. ಅಣ್ಣ ಪಂದ್ಯದ ವರದಿ ಕೊಡುವವರ ಗತ್ತಿನಲ್ಲಿ "ನಲವತ್ತು... ಅರವತ್ತೈದು... ಅಲ್ಲೇ ನಿಂತ್ಕೊಂತು... ಹೊರಟಿತು, ಹೊರಟಿತು!" ಎಂದು ಕೂಗುತ್ತಿದ್ದರೆ ಅಪ್ಪ ಪ್ರತಿ ಅಂಕಿಗೂ ತಲೆಯಾಡಿಸುತ್ತಿದ್ದರು. ಅರ್ಧ ಗಂಟೆಯ ಕರಾರನ್ನು ಅವರು ಮರೆತೇಬಿಟ್ಟಿದ್ದರು.

ನೂರಾಯಿತು. ಆ್ಯಪು ತೆರೆದುಕೊಂಡಿತು, ತೆರೆದುಕೊಂಡು ಪಾಸ್‌ವರ್ಡ್ ಕೇಳಿತು.

ಖಾತೆ ಅಣ್ಣನದು. ಕದಿಯುವವರ ಏಳು ತಲೆಮಾರಿಗೂ ಹೊಳೆಯಬಾರದು ಎಂದು ಅವನು ತನ್ನ ರೂಟಿನ ಹದಿನಾಲ್ಕು ಸ್ಟಾಪುಗಳ ಮೊದಲಕ್ಷರ ಸೇರಿಸಿ ಪಾಸ್‌ವರ್ಡ್ ಮಾಡಿದ್ದ. ಈಗ ಕಣ್ಣು ಮುಚ್ಚಿ, ಕೈಯಲ್ಲಿ ಇಲ್ಲದ ಸ್ಟೇರಿಂಗ್ ತಿರುಗಿಸುತ್ತಾ, "ಡಿಪೋ... ಹಳೇ ಸೇತುವೆ... ಹೆಣ್ಮಕ್ಕಳ ಕಾಲೇಜು..." ಎಂದು ಹೇಳುತ್ತಾ ಹೋದ. ಪುಟ್ಟಿ ತೆರೆಯ ಮೇಲಿನ ಅಕ್ಷರಮಣೆಯಲ್ಲಿ ಒಂದೊಂದನ್ನೇ ಹುಡುಕಿ ಒತ್ತಿದಳು. ಪಾಸ್‌ವರ್ಡ್ ತಪ್ಪು ಎಂದಿತು ಟೀವಿ.

"ಆಸ್ಪತ್ರೆ ಸ್ಟಾಪು ಬಿಟ್ಟಿರ್ತೀಯ," ಎಂದಳು ಅಮ್ಮ.

"ಹನ್ನೊಂದು ವರ್ಷದಿಂದ ಓಡಿಸ್ತಿದೀನಮ್ಮ, ಆಸ್ಪತ್ರೆ ಬಿಡ್ತೀನಾ?"

ಎರಡನೆಯ ಸಲವೂ ತಪ್ಪು. ಮೂರನೆಯ ಸಲ ಟೀವಿ ಕೆಂಪು ಅಕ್ಷರದಲ್ಲಿ ಎಚ್ಚರಿಸಿತು: ಇನ್ನು ಒಂದೇ ಅವಕಾಶ, ಅದೂ ತಪ್ಪಿದರೆ ಒಂದು ದಿನ ಖಾತೆಗೆ ಬೀಗ. ನಾಳೆ ಎಲ್ಲರಿಗೂ ಕೆಲಸ. ಅದಕ್ಕಿಂತ ಹೆಚ್ಚಾಗಿ, ಅಪ್ಪ ಇನ್ನೊಂದು ಸಲ ಈ ಕುರ್ಚಿಯಲ್ಲಿ ಕೂರುವವರಲ್ಲ. ಅಳು ಬಂದೇಬಿಡುತ್ತದೆ ಎನ್ನಿಸಿತು. ಎಲ್ಲಾ ಹೇಳಿಬಿಡಲೇ ಎಂದು ಬಾಯಿ ತೆರೆದಳು.

"ಎಷ್ಟು ಸ್ಟಾಪು ಅಂದೆ?" ಅಪ್ಪ ಕೇಳಿದರು.

"ಹದಿನಾಲ್ಕು," ಎಂದ ಅಣ್ಣ.

"ಆ ಕಡೆ ಈ ಕಡೆ ಸರಿಸಿದ್ರೆ ಸಣ್ಣಗೆ ಟಿಕ್ ಅನ್ನುತ್ತೆ. ಅಕ್ಷರ ಒತ್ತಿದ್ರೆ ದಪ್ಪಗೆ ಟಕ್ ಅನ್ನುತ್ತೆ. ಈಗ ಬಂದಿದ್ದು ಹದಿನಾರು ಟಕ್. ನಿನ್ನ ಬಸ್ಸು ಎರಡು ಕಡೆ ಎರಡೆರಡು ಸಲ ನಿಂತಿದೆ ಕಣೋ."

ಮೂವರೂ ಬಾಯಿ ಬಿಟ್ಟುಕೊಂಡು ನೋಡಿದರು. ಒತ್ತಿದ ಅಕ್ಷರವೆಲ್ಲ ತೆರೆಯ ಮೇಲೆ ಚುಕ್ಕಿಯಾಗುತ್ತಿತ್ತು, ಚುಕ್ಕಿ ಎಷ್ಟು ಎಂದು ಯಾರು ಎಣಿಸುತ್ತಾರೆ? ಅಪ್ಪ ಕೈ ಚಾಚಿದರು. "ರಿಮೋಟು ಕೊಡು. ನಡುವಿನ ಗುಂಡಿ ಒಮ್ಮೊಮ್ಮೆ ಒಂದು ಒತ್ತಿಗೆ ಎರಡು ಸಲ ಕಚ್ಚುತ್ತಿದೆ."

"ನಾನು ಆರು ತಿಂಗಳಿಂದ ಬಡ್ಕೊಳ್ತಿದೀನಿ!" ಅಮ್ಮನ ಗಂಟಲು ಏರಿತು. "ನಿಲ್ಲಿಸಿದ್ರೆ ತಾನೇ ಮತ್ತೆ ಓಡುತ್ತೆ ಅಂದೆ. ಕೈ ಸರಿ ಇಲ್ಲ ನಿಂದು ಅಂದ್ರು ಎಲ್ಲಾರೂ. ಈಗ?"

ಅಷ್ಟರಲ್ಲಿ ಅಪ್ಪ ಬ್ಯಾಟರಿ ತೆಗೆದು, ಅಂಚಿನ ಸೀಳಿನಲ್ಲಿ ಹೆಬ್ಬೆರಳ ಉಗುರು ಓಡಿಸಿ, ಪಟಕ್ಕನೆ ರಿಮೋಟನ್ನು ಎರಡು ಹೋಳು ಮಾಡಿದ್ದರು. ಒಳಗಿನ ರಬ್ಬರ್ ಹಾಳೆ ಎಬ್ಬಿಸಿ, ಬೆರಳ ತುದಿಯಿಂದ ಒಂದೊಂದೇ ಗುಂಡಿ ಸವರುತ್ತಾ ಬಂದು, ನಡುವಿನದರ ಮೇಲೆ ನಿಂತು, ಮೂಗಿನ ಹತ್ತಿರ ತಂದು ಮೂಸಿದರು.

"ಕಾಫಿ. ಸಕ್ಕರೆ ಹಾಕಿದ್ದು."

ಮನೆಯಲ್ಲಿ ಸಕ್ಕರೆ ಹಾಕಿ ಕಾಫಿ ಕುಡಿಯುವವನು ಒಬ್ಬನೇ. ಅಣ್ಣ ಕಿಟಕಿಯ ಕಡೆ ನೋಡತೊಡಗಿದ.

ಪುಟ್ಟಿ ಉಗುರುಬಣ್ಣ ತೆಗೆಯುವ ಸೀಸೆ ತಂದಾಗ "ಅದು ರಬ್ಬರನ್ನೇ ತಿಂದುಬಿಡುತ್ತೆ, ಗಾಯಕ್ಕೆ ಹಚ್ಚೋ ಸ್ಪಿರಿಟ್ ತಾ" ಎಂದು ಅಪ್ಪ ಗದರಿದರು. ಗದರುವ ಆ ದನಿ ಅಂಗಡಿಯ ದನಿ. ಹತ್ತಿಗೆ ಸ್ಪಿರಿಟ್ ಹಚ್ಚಿ, ಒರೆಸಿ, ಊದಿ ಆರಿಸಿ, ಮತ್ತೆ ಒರೆಸಿದರು. ಹಣೆಯ ಮೇಲೆ ಬೆವರು ಮೂಡಿತ್ತು, ಮುಖ ಅರಳಿತ್ತು. ಅಪ್ಪನನ್ನು ಹೀಗೆ ನೋಡಿ ಎಷ್ಟು ಕಾಲವಾಯಿತು ಎಂದು ಪುಟ್ಟಿಗೆ ಖುಷಿಯೂ ದುಃಖವೂ ಒಟ್ಟಿಗೇ ನುಗ್ಗಿಬಂತು. ಹೋಳುಗಳು ಕೂಡಿಕೊಂಡವು, ರಿಮೋಟು ಪುಟ್ಟಿಯ ಕೈ ಸೇರಿತು. "ಹೂಂ, ಬಸ್ಸು ಬಿಡಪ್ಪ," ಎಂದರು.

"ಡಿಪೋ," ಎಂದ ಅಣ್ಣ. ಟಕ್. "ಒಂದು," ಎಂದರು ಅಪ್ಪ. "ಹಳೇ ಸೇತುವೆ." ಟಕ್. "ಎರಡು." ಅಮ್ಮ ಪುಟ್ಟಿಯ ಭುಜ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಆಸ್ಪತ್ರೆ ಬಂತು, ಮಾರುಕಟ್ಟೆ ಬಂತು. "ಕೊನೇ ಸ್ಟಾಪು, ರೈಲ್ವೆ ಗೇಟು!" ಟಕ್. "ಹದಿನಾಲ್ಕು. ಇಳೀರಿ ಎಲ್ಲಾ!" ಎಂದು ಅಪ್ಪ ತೊಡೆ ತಟ್ಟಿದರು.

ಆ್ಯಪು ಒಳಗೆ ಬಿಟ್ಟುಕೊಂಡಿತು. ನಾಲ್ವರೂ ಒಟ್ಟಿಗೆ ಹಾಕಿದ ಕೂಗಿಗೆ ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು. ಪುಟ್ಟಿ ಆಡಿಯೋ ಪಟ್ಟಿ ತೆರೆದಳು. ಮೂರು ಸಾಲು! ಮೂರನೆಯದನ್ನು ಒತ್ತಿ, ಸಿನಿಮಾವನ್ನು ಮೊದಲಿಂದ ಹಾಕಿದಳು.

ಜೀರುಂಡೆ ಕೂಗಿತು. ಅದರ ನಡುವೆ ಹೆಣ್ಣುದನಿಯೊಂದು ಬಂತು. "ಎರಡು ಕೈಗಳು ಗೋಡೆಯ ಅಂಚು ಹಿಡಿಯುತ್ತವೆ. ದಪ್ಪ ಮನುಷ್ಯನೊಬ್ಬ ಮೇಲೇಳಲು ಹೆಣಗುತ್ತಾನೆ."

"ಇದ್ಯಾರೇ ಇವಳು, ಸಿನಿಮಾ ನಡುವೆ ಬಾಯಿ ಹಾಕ್ತಿರೋಳು?" ಅಮ್ಮ ರಿಮೋಟಿಗೆ ಕೈ ಹಾಕಿದಳು. "ನಮಗೇನು ಕಣ್ಣಿಲ್ವಾ? ಆರಿಸಿ ಇದನ್ನ."

"ಮುಟ್ಬೇಡ!"

ಅಪ್ಪ ಅಷ್ಟು ಜೋರಾಗಿ ಕೂಗಿದ್ದನ್ನು ಪುಟ್ಟಿ ಕೇಳಿರಲೇ ಇಲ್ಲ. ಅಮ್ಮನ ಕೈ ಅಲ್ಲೇ ನಿಂತಿತು. "ಕೆಳಗೆ ಇನ್ನೊಬ್ಬ, ಸಣಕಲ, ಅವನ ಕಾಲು ಹಿಡಿದು ಎತ್ತುತ್ತಾನೆ. ಚಪ್ಪಲಿ ಕಳಚಿ ಇವನ ಮೂಗಿನ ಮೇಲೆ ಬೀಳುತ್ತದೆ," ಎಂದಿತು ದನಿ. ಅಪ್ಪನ ಕೈ ಗಾಳಿಯಲ್ಲಿ ತಡಕಾಡಿ ಪುಟ್ಟಿಯ ತಲೆಯನ್ನು ಮುಟ್ಟಿ, ಅಲ್ಲಿಂದ ಕೆನ್ನೆಗೆ ಇಳಿದು, ಅಲ್ಲೇ ಉಳಿಯಿತು.

"ನಮ್ಮ ಮಗಳ ದನಿ ಕಣೇ ಅದು," ಎಂದರು.

ಅಣ್ಣ ಕೂತಲ್ಲಿಂದ ಎದ್ದೇ ನಿಂತ. ಅಮ್ಮ ತೆರೆಯನ್ನೂ ಪುಟ್ಟಿಯನ್ನೂ ಮೂರು ಸಲ ನೋಡಿ "ಇದಾ ನಿನ್ನ ದನಿ ಕೊಡೋ ಕೆಲಸ?" ಎಂದವಳು ಕಣ್ಣೊರೆಸಿಕೊಂಡಳು. ಪುಟ್ಟಿ ತಲೆಯಾಡಿಸಿದಳು. ಏನೇನೋ ಹೇಳಬೇಕೆಂದಿದ್ದಳು. ಅಪ್ಪ ಅವಕಾಶ ಕೊಡದೆ "ಶ್! ಕಳ್ಳರು ಒಳಗೆ ಹೋದ್ರು" ಎಂದು ಎಲ್ಲರನ್ನೂ ಗದರಿಸಿ ಕೂರಿಸಿದರು. ಈಗ ಅವರು ಕುರ್ಚಿಯ ತುದಿಯಲ್ಲಿರಲಿಲ್ಲ, ಬೆನ್ನು ಪೂರ್ತಿ ಒರಗಿಸಿ ಕೂತಿದ್ದರು.

ಆಗಲೇ ಬಾಗಿಲ ಗಂಟೆ ಬಡಿಯಿತು. ಕೂಗು ಕೇಳಿ ಏನಾಯಿತೋ ಎಂದು ಪಕ್ಕದ ಮನೆಯವರು ಬಂದಿದ್ದರು. ಅವರಿಗೆ ಸಮಾಧಾನ ಹೇಳಿ ಕಳಿಸಿ ಅಮ್ಮ ಓಡೋಡಿ ಬರುವಷ್ಟರಲ್ಲಿ ತೆರೆಯ ಮೇಲೆ ಬೇರೆಯೇ ಕೋಣೆಯಿತ್ತು. "ಅಯ್ಯೋ, ಇವನ್ಯಾಕೆ ತೊಟ್ಟಿಲು ತೂಗ್ತಿದಾನೆ? ಕಳ್ಳ ಅಲ್ವಾ ಇವನು?"

ಹೇಳಲು ಅಣ್ಣ ಬಾಯಿ ತೆರೆದ. ಅಪ್ಪ ಕೈಯೆತ್ತಿ ಅವನನ್ನು ತಡೆದರು.

"ಬೀರು ಅಂದ್ಕೊಂಡು ಸಣಕಲ ತೆಗೆದಿದ್ದು ಮಲಗೋ ಕೋಣೆ ಬಾಗಿಲು. ಒಳಗೆ ಮಗು ಎದ್ದುಬಿಡ್ತು. ದಪ್ಪನೋನು ಗಾಬರೀಲಿ ತನ್ನ ಟೋಪಿ ತೆಗೆದು ಅದರ ಕೈಗೆ ಕೊಟ್ಟ, ಹಸಿರು ಟೋಪಿ. ಮಗು ಅದನ್ನ ಬಾಯಿಗೆ ಹಾಕ್ಕೊಂಡು ನಗ್ತಿದೆ, ತೂಗೋದು ನಿಲ್ಲಿಸಿದ್ರೆ ಅಳುತ್ತೆ," ಎಂದು ಹೇಳಿ, ಪಕ್ಕದ ಕುರ್ಚಿಯನ್ನು ಕೈಯಿಂದ ತಟ್ಟಿದರು. "ಇಲ್ಲಿ ಬಾ, ಕೂತ್ಕೋ. ನಿನಗೆ ಕಾಣದೇ ಇದ್ದಿದ್ದು ನಾನು ಹೇಳ್ತೀನಿ."