ಬೇಲಿಗೂಟದ ಸಾಕ್ಷಿ

ಮಗಳು ಎಣ್ಣೆ ಹಚ್ಚಿದ ಬಟ್ಟೆಯಿಂದ, ಸತ್ತ ಅಮ್ಮನ ಉಗುರುಗಳ ಸಂದಿಯಲ್ಲಿ ಕೂತಿದ್ದ ಕಂದು ಬಣ್ಣವನ್ನು ಉಜ್ಜುತ್ತಿದ್ದಳು. ಕಿಟಕಿಯಾಚೆ ಅಂಗಳದಲ್ಲಿ, ಮರದ ಬೇಲಿಯ ಪಕ್ಕ, ಅಪ್ಪನ ದನಿ ಏರಿತು.

"ಎಷ್ಟು ಹಳೇ ಮರ ಗೊತ್ತಾ ಸಾರ್ ಇದು? ಒಂದು ಹಲಗೆಗಾದ್ರೂ ಹುಳ ಹಿಡಿದಿದೆಯಾ ನೋಡಿ! ವರ್ಷಾ ವರ್ಷಾ ನಾನೇ ಬಣ್ಣ ಹಚ್ತೀನಿ. ಕೂಲಿಯವರನ್ನ ನಂಬಿದ್ರೆ ಆಯ್ತು ಕತೆ."

"ಭೇಷ್," ಎಂದರು ಅಪ್ಪನ ಆಫೀಸಿನ ಹಳೆಯ ಮ್ಯಾನೇಜರು. "ಈ ಶ್ರದ್ಧೆ ಎಲ್ಲರಿಗೆಲ್ಲಿ ಬರತ್ತೆ?"

ಮಗಳ ಕೈ ನಿಂತಿತು. ಹೆಂಡತಿಯ ಹೆಣ ಒಳಗಿದೆ, ಈ ಮನುಷ್ಯ ಹೊರಗೆ ನಿಂತು ಅವಳ ಕೆಲಸಕ್ಕೆ ತನ್ನ ಹೆಸರು ಅಂಟಿಸುತ್ತಿದ್ದಾನೆ. ಬಣ್ಣದ ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ವಾಸನೆಗೆ ತಲೆನೋವು ಬಂತೆಂದು ಮೂಗು ಮುಚ್ಚಿಕೊಂಡು ಸಂಜೆಯವರೆಗೆ ಪೇಟೆ ಸುತ್ತಲು ಹೋಗುತ್ತಿದ್ದವನು ಇವನೇ ತಾನೆ? ಥೂ.

"ನಿಮ್ಮಪ್ಪನ್ ವಿಷಯ ಬಿಡು," ಎಂದ ಪಕ್ಕದಲ್ಲಿ ಕೂತಿದ್ದ ಸೋದರಮಾವ, ಅಮ್ಮನ ಒಬ್ಬನೇ ತಮ್ಮ. "ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಅಂತಾರಲ್ಲ, ಹಾಗೆ. ಗೂಟ ಏನು ಬಾಯಿ ಬಿಡತ್ತಾ?"

"ಅಮ್ಮಂದು ಅಂತ ಈ ಮನೇಲಿ ಇದ್ದದ್ದು ಆ ಬೇಲಿ ಒಂದೇ ಮಾವ. ಅದನ್ನೂ ನುಂಗಿಬಿಡ್ತಾರಲ್ಲ."

"ಇವತ್ತೊಂದು ದಿನ ಸುಮ್ನಿರಮ್ಮ. ಅಕ್ಕ ನೆಮ್ಮದಿಯಾಗಿ ಹೋಗ್ಲಿ."

"ಇವತ್ತು ಸುಮ್ನಿದ್ರೆ ಇನ್ನು ಯಾವತ್ತೂ ಅದು ಅಪ್ಪಂದೇ ಆಗಿಹೋಗತ್ತೆ."

*

ಅಮ್ಮ ಮನೆಯೊಳಗೆ ಬಾಯಿಲ್ಲದವಳು. ಬೇಲಿಯ ಮುಂದೆ ನಿಂತರೆ ಮಾತ್ರ ಮೇಸ್ತ್ರಿಯೇ ಸರಿ. ಹೋದ ತಿಂಗಳು ಮಗಳು ಬಂದಾಗಲೂ ಅಪ್ಪನ ಹರಿದ ಅಂಗಿ ತೊಟ್ಟುಕೊಂಡು ಹಲಗೆಗೆ ಸ್ಯಾಂಡ್‌ಪೇಪರ್ ತಿಕ್ಕುತ್ತಿದ್ದಳು.

"ಒದ್ದೆ ಮರ ಬಣ್ಣ ಕುಡಿಯಲ್ಲ ಕಣೆ, ಮೊದ್ಲು ಒಣಗಬೇಕು. ಆಮೇಲೆ ಡಬ್ಬೀನ ತಳದಿಂದ ಕಲಕು. ಬಣ್ಣ ಎಲ್ಲಾ ಕೆಳಗೆ ಕೂತಿರತ್ತೆ, ಮೇಲಿರೋದು ಬರೀ ಎಣ್ಣೆ. ಮರ ಕುಡಿದಷ್ಟು ಕುಡೀಲಿ, ಮಿಕ್ಕಿದ್ದನ್ನ ಒರೆಸು. ಅದು ಒಣಗಿದ ಮೇಲೇ ನೀರು ತಡೆಯೋ ಸೀಲರ್. ಹಿಂದುಮುಂದು ಮಾಡಿದ್ಯೋ, ಹೊಳೇಲಿ ಹುಣಸೆಹಣ್ಣು ತೊಳೆದಂಗೆ."

"ಅಪ್ಪ ಒಂದು ಕೈ ಹಾಕಬಾರದಾ?"

"ಕೈ ಯಾರಿಗೆ ಬೇಕಿತ್ತು! 'ಬೇಲಿ ಚೆನ್ನಾಗಿ ಕಾಣ್ತಿದೆ ಕಣೆ' ಅಂತ ಒಂದು ಸಲ ಅಂದಿದ್ರೆ ಸಾಕಿತ್ತು." ಅಮ್ಮ ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಗೇಟಿನ ಪಕ್ಕದ ನಾಲ್ಕು ಹಲಗೆಗಳು ಹಾಗೇ ಉಳಿದವು.

*

ಹೆಣ ಒಯ್ಯುವ ವ್ಯಾನು ಬಂದು ಗೇಟಿನ ಬಳಿ ನಿಂತಿತು. ಮ್ಯಾನೇಜರು ಬಣ್ಣವಿಲ್ಲದ ಹಲಗೆಗಳತ್ತ ಕೈ ತೋರಿಸಿದರು. "ಇದ್ಯಾಕ್ರೀ ಹೀಗೆ ಬಿಟ್ಟಿದ್ದೀರಿ?"

"ಅವಳ ಆಸ್ಪತ್ರೆ ಓಡಾಟದಲ್ಲಿ ನಂಗೆ ಪುರುಸೊತ್ತೆಲ್ಲಿತ್ತು ಸಾರ್," ಎಂದು ಅಪ್ಪ ನಿಟ್ಟುಸಿರು ಬಿಟ್ಟ.

ಆಸ್ಪತ್ರೆಗೆ ಓಡಾಡಿದ್ದು ಸೋದರಮಾವ. ಹೆಂಡತಿಯ ಕಾಯಿಲೆಯನ್ನೂ ಬಿಡಲಿಲ್ಲವಲ್ಲ ಪುಣ್ಯಾತ್ಮ! ಬಾಗಿಲಲ್ಲಿ ನಿಂತಿದ್ದ ಮಗಳು ಮೆಟ್ಟಿಲಿಳಿದಳು. ಮಾವ ಕಣ್ಣಲ್ಲೇ ಬೇಡವೆಂದ. ಅವಳು ಕೇಳಲಿಲ್ಲ. ಹಿತ್ತಿಲ ಶೆಡ್ಡಿನಿಂದ ಡಬ್ಬಿ, ಬ್ರಷ್ಷು ತಂದು ಅಪ್ಪನ ಕಾಲ ಬಳಿ ಇಟ್ಟಳು.

"ಅಮ್ಮ ಈ ಗೇಟಲ್ಲೇ ಹೋಗ್ಬೇಕಲ್ಲಪ್ಪ. ಎರಡು ಹಲಗೆಗೆ ಹಚ್ಚಿಬಿಡಿ. ನಿಮಗೆಷ್ಟು ಹೊತ್ತಿನ ಕೆಲಸ?"

"ಈಗೇನೇ? ಜನ ಏನಂತಾರೆ?"

"ಜನಾನೂ ನೋಡ್ಲಿ."

ಮ್ಯಾನೇಜರು ಕಣ್ಣೊರೆಸಿಕೊಂಡರು. "ಹಚ್ರೀ. ಅವರ ಜೀವಕ್ಕೂ ಸಮಾಧಾನ."

ಅಪ್ಪ ಇಕ್ಕಟ್ಟಿಗೆ ಸಿಕ್ಕಿಬಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿಯ ತೋಳು ಮಡಚಿದ. ಮುಚ್ಚಳವನ್ನು ಉಗುರಿನಿಂದ ಎತ್ತಲು ಹೋಗಿ, ಆಗದೆ, ವ್ಯಾನಿನ ಡ್ರೈವರನ ಕೀಲಿ ಇಸಿದುಕೊಂಡ. ಕಲಕಲಿಲ್ಲ. ಬ್ರಷ್ಷನ್ನು ಹಿಡಿಯವರೆಗೆ ಅದ್ದಿ ಹಲಗೆಯ ಮೇಲೆ ಎಳೆದ. ಎಣ್ಣೆ ಅವನ ಮೊಣಕೈಗೆ ಇಳಿಯಿತು. ಹಲಗೆ ಒದ್ದೆಯಾಯಿತೇ ಹೊರತು ಬಣ್ಣ ಹತ್ತಲಿಲ್ಲ. ಮತ್ತೆ ಅದ್ದಿದ, ಮತ್ತೆ ಎಳೆದ.

"ಏನ್ರೀ ಇದು, ಬಣ್ಣಾನೇ ಇಲ್ಲ?" ಎಂದರು ಮ್ಯಾನೇಜರು.

"ಡಬ್ಬಿ ಕೆಟ್ಟಿದೆ ಸಾರ್. ಏನು ಮಾಡಿಟ್ಟಿದ್ದಾಳೋ... ಅವಳು ಹಚ್ಚುವಾಗ ಚೆನ್ನಾಗೇ ಬರ್ತಿತ್ತಲ್ಲ!"

ಆಡಿದ ಮಾತು ಅವನ ಕಿವಿಗೇ ಬೀಳಲಿಲ್ಲವೇನೋ. ಉಳಿದವರಿಗೆಲ್ಲ ಬಿತ್ತು. ಮ್ಯಾನೇಜರು ಮುಖ ತಿರುಗಿಸಿ ವ್ಯಾನಿನ ಕಡೆ ನೋಡತೊಡಗಿದರು. ಮಾವ ತಲೆ ತಗ್ಗಿಸಿದ. ಮಗಳು ಗೆದ್ದಿದ್ದಳು, ಬಾಯೆಲ್ಲ ಕಹಿಯಾಗಿತ್ತು. ಎಣ್ಣೆ ಸುರಿಯುವ ಈ ಮುದುಕನ ಮೇಲೂ ಹೇಸಿಗೆ, ಹೆಣವಿಟ್ಟುಕೊಂಡು ಅವನನ್ನು ಕುಣಿಸಿದ ತನ್ನ ಮೇಲೂ ಹೇಸಿಗೆ.

ಅಪ್ಪ ಬ್ರಷ್ಷನ್ನು ಡಬ್ಬಿಯೊಳಗೆ ಬಿಸುಟ. ಅಂಟಂಟು ಕೈಯನ್ನು ಅಂಗಿಗೆ ತಾಗದಂತೆ ದೂರ ಹಿಡಿದು, ಮನೆಯ ಕಡೆ ತಿರುಗಿಯೂ ನೋಡದೆ, ಇಷ್ಟು ವರ್ಷ ಕೂಗಿದ ಅದೇ ದನಿಯಲ್ಲಿ ಕೂಗಿದ:

"ಏಯ್, ಎಲ್ಲಿ ಸತ್ತ್ಯೇ? ಕೈ ಒರೆಸೋಕೆ ಒಂದು ಬಟ್ಟೆ ತಾರೇ!"

ಬಾಗಿಲ ಕಡೆ ಚಾಚಿದ ಅವನ ಕೈ ಹಾಗೇ ಇತ್ತು, ಬೆರಳ ತುದಿಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು.