ಹೆರಿಗೆಯ ಹೊದಿಕೆ

ಆರು ದಿನದಿಂದ ಚೌಕಟ್ಟಿನ ಮೇಲೆ ಕಾಡುಬಾಳೆಯ ನಾರು ಬಿಗಿದು ನಿಂತಿತ್ತು. ಒಂದೇ ಒಂದು ಗಂಟು ಬಿದ್ದಿರಲಿಲ್ಲ. ಕಿರಿಮಗಳು ಲುಮಾಯ್ ಐದು ತಿಂಗಳ ಬಸುರಿ. ಚಿತ್ತಾರ ಮೂಡುವಂತೆ ನಾರಿಗೆ ಗಂಟು ಕಟ್ಟಿ, ಎಲೆಯ ಕಪ್ಪು, ಬೇರಿನ ಕೆಂಪು ಹತ್ತಿಸಿ, ನೇಯ್ದು ಮುಗಿಸಲು ನಾಲ್ಕು ತಿಂಗಳಾದರೂ ಬೇಕು. ಹೆರುವಾಗ ಹೊದಿಸಲು ಈ ನಾರಿನ ಬಟ್ಟೆ, ತನಲಾಕ್, ಇಲ್ಲದಿದ್ದರೆ ನಮ್ಮಲ್ಲಿ ಯಾವ ತಾಯಿಗೂ ಧೈರ್ಯ ಬರದು. ಅದೂ ಕನಸಿನಲ್ಲಿ ಕಂಡ ಚಿತ್ತಾರವೇ ಆಗಬೇಕು. ನಾರಿನ ಒಡತಿಯಾದ ದೇವತೆ ಫೂ ದಾಲು ತೋರಿಸಿದ್ದನ್ನು ಮಾತ್ರ ಕಟ್ಟಬೇಕು, ಸ್ವಂತ ಬುದ್ಧಿ ಓಡಿಸುವಂತಿಲ್ಲ.

ಸೆಬು ಕೆರೆಯ ಸುತ್ತ ನನಗೆ ಕನಸುಗಾತಿ ಎಂದೇ ಹೆಸರು. ನಿಜ ಹೇಳಿಬಿಡುತ್ತೇನೆ, ನನ್ನ ಜನ್ಮದಲ್ಲಿ ಒಂದು ಚಿತ್ತಾರವೂ ಕನಸಿಗೆ ಬಂದಿಲ್ಲ. ಕಾಣುತ್ತಿದ್ದವನು ನನ್ನ ಗಂಡ ಗುಂಬಾಯ್. ಅವನು ಬೆಳಿಗ್ಗೆ ಎದ್ದು ಹೇಳುತ್ತಿದ್ದ, ನಾನು ಕಟ್ಟುತ್ತಿದ್ದೆ. ಗಂಡ ಕಂಡು ಹೆಂಡತಿಗೆ ಹೇಳುವುದು ನಮ್ಮಲ್ಲಿ ತಪ್ಪಲ್ಲ. ಬಾಯಿ ಮುಚ್ಚಿಕೊಂಡು ಹೆಸರು ಹೊಡೆದುಕೊಂಡದ್ದು ನನ್ನ ತಪ್ಪು.

ಈಗ ಅವನು ತುಟಿ ಬಿಚ್ಚುತ್ತಿರಲಿಲ್ಲ. ಹೋದ ವಾರ ಕೆರೆಯಲ್ಲಿ ನಾರು ತೊಳೆಯುವಾಗ ನಾದಿನಿ ಯಾಬಿನ್, "ಅತ್ತಿಗೆ, ಅಣ್ಣ ಈಗೇನ್ ಮಾಡ್ತಿದಾನೆ?" ಅಂದಳು.

"ಇನ್ನೇನ್ ಮಾಡ್ತಾನೆ, ಮಲಗ್ತಾನೆ. ಚಾಪೆಗೇ ಬೇರು ಬಿಟ್ಟಿದಾನೆ" ಅಂದೆ.

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಅಲ್ಲೇ ದೋಣಿ ಕಟ್ಟುತ್ತಿದ್ದ ಅವನಿಗೆ ಕೇಳಿಸಿತು.

ಏಳನೆಯ ಬೆಳಿಗ್ಗೆ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಬಿಸಿಲೇರಿದರೆ ನಾರು ಪಟಪಟನೆ ಹರಿಯುತ್ತದೆ, ಇನ್ನೊಂದು ದಿನ ದಂಡ. ದಂಡೆಯಲ್ಲಿ ನಿಂತಿದ್ದವನನ್ನು ಕೂಗಿ ಕರೆದೆ. ಬಂದವನೇ ಚಾಪೆಯ ಮೇಲೆ ಉರುಳಿದ.

"ಸಿಟ್ಟು ನನ್ನ ಮೇಲಿರ್ಲಿ ಮಾರಾಯ, ಮಗಳೇನ್ ಮಾಡಿದ್ಲು? ಕಂಡಿದ್ದು ಹೇಳು."

"ಏನೂ ಕಂಡಿಲ್ಲ."

"ಮೂರು ಹೊತ್ತೂ ಬಿದ್ಕೊಂಡಿರ್ತೀಯ, ಕಂಡಿಲ್ವಾ?"

"ನಿದ್ದೆ ಬಂದ್ರೆ ತಾನೇ ಕಾಣೋದು?" ಅಂದ. "ಕೆರೆ ಕೆಟ್ಟು ನಮ್ಮ ಮೀನೆಲ್ಲ ತೇಲಿದ್ವಲ್ಲ, ಆವತ್ತಿಂದ ನಾನು ನೆಟ್ಟಗೆ ನಿದ್ದೆ ಮಾಡಿಲ್ಲ ಕಣೇ. ಕಣ್ಮುಚ್ಚಿದ್ರೆ ಅವೇ ಬಿಳೀ ಹೊಟ್ಟೆಗಳು. ನೀನು ಹೆದರ್ತೀಯ ಅಂತ ಸುಮ್ನೆ ಬಿದ್ಕೊಂಡಿರ್ತೀನಿ."

ಮೀನು ಸತ್ತು ನಾಲ್ಕು ವರ್ಷ.

"ಹಂಗಾದ್ರೆ ದೊಡ್ಡವಳ ಹೆರಿಗೆಗೆ ಹೊದಿಸಿದ್ದು? ಆ ಕಪ್ಪೆ ಚಿತ್ತಾರ?"

"ಜೇನು ಕೀಳೋಕೆ ಕಾಡಿಗೆ ಹೋದಾಗ ಕಂಡಿದ್ದು. ಮರದ ಕವಲಲ್ಲಿ ನೀರು ನಿಂತಿತ್ತು, ಅದರಲ್ಲೊಂದು ಕಪ್ಪೆ. ಕನಸು ಅಂತ ಸುಳ್ಳು ಹೇಳ್ದೆ."

ಮಗಳನ್ನು ಸುಳ್ಳಿನಡಿ ಮಲಗಿಸಿ ಹೆರಿಸಿದ್ದೆ. ಕೈಗೆ ಸಿಕ್ಕ ಬಿದಿರನ್ನು ಅವನ ಮೇಲೆ ಎಸೆಯಬೇಕು ಅನ್ನಿಸಿತು. ಆದರೆ ಆ ಸುಳ್ಳಿನಡಿ ಹುಟ್ಟಿದ ಮೂರು ವರ್ಷದ ಬಜಾರಿ ಮೊಮ್ಮಗಳು ಅಲ್ಲೇ ಗೆಣಸು ಮೆಲ್ಲುತ್ತ ಅಜ್ಜನ ಬೆನ್ನು ಹತ್ತುತ್ತಿದ್ದಳು. ಅವನ ಕಣ್ಣು ನೋಡಿದೆ. ಗುಳಿ ಬಿದ್ದಿದ್ದವು. ನಾಲ್ಕು ವರ್ಷ ಪಕ್ಕದಲ್ಲೇ ಮಲಗಿದ್ದೆ, ಒಂದು ಸಲವೂ ನೋಡಿರಲಿಲ್ಲ. ನಾಚಿಕೆಯಾಯಿತು.

ತಪ್ಪಾಯಿತು ಅನ್ನುವ ಮಾತು ನನ್ನ ಬಾಯಿಗೆ ಬರುವುದಿಲ್ಲ. ಚಾಪೆಯನ್ನು ಚೌಕಟ್ಟಿನ ಪಕ್ಕಕ್ಕೆ ಎಳೆದೆ.

"ಎದ್ದು ಕೂತ್ಕೋ. ಕಣ್ಮುಚ್ಚಿ ನಾಟಕ ಆಡ್ಬೇಡ. ಈಗ ಕೆರೇಲಿ ಏನ್ ನೋಡ್ದೆ, ಅದನ್ನೇ ಹೇಳು."

"ಮಿಂಚುಳ್ಳಿ ಮುಳುಗ್ತು. ನೀರಲ್ಲಿ ಬಳೆ ಸುತ್ತ ಬಳೆ ಎದ್ವು."

ಹೆದರುತ್ತಲೇ ಮೊದಲ ಗಂಟು ಹಾಕಿದೆ. ಮೂರು ಬೆಳಗು ಬಳೆಗಳನ್ನೇ ಕಟ್ಟಿದೆ. ನಾಲ್ಕನೆಯ ದಿನ ಕೈ ನಿಂತಿತು.

"ಹಕ್ಕಿ ಮೇಲೆ ಬಂತಾ?"

"ನೋಡಿಲ್ಲ. ಅಷ್ಟೊತ್ತಿಗೆ ನೀನು ಕೂಗ್ದೆ."

ಫೂ ದಾಲು ತೋರಿಸಿರಲಿಲ್ಲ. ಗಂಡನೂ ಕಂಡಿರಲಿಲ್ಲ. ಲುಮಾಯ್‌ಳನ್ನು ನೆನೆದು, ನೀರಿನಿಂದ ಮೇಲೇಳುವ ಹಕ್ಕಿಯನ್ನು ನಾನೇ ಕಟ್ಟಿದೆ.