ದೇವರ ಬಾಣಂತನ

ನನ್ನ ಅತ್ತೆ ಗುಲಾಬಿಯವರು ಉಡುಪಿಯಿಂದ ಅಮೆರಿಕದ ಕಮ್ಮಿಂಗಿಗೆ ಬಂದದ್ದು ಮಗಳ ಬಾಣಂತನಕ್ಕೆ. ಮಗಳು, ಅಂದರೆ ನನ್ನ ಹೆಂಡತಿ ಸುಕೃತಾ, ಡಾಕ್ಟರ್. ಮೀನಿಗೆ ಈಜು ಕಲಿಸಲು ಆಗುತ್ತದೆಯೇ? ಎಣ್ಣೆ ಬೇಡ, ಲೇಹ ಬೇಡ, ತಲೆಗೆ ಬಟ್ಟೆ ಕಟ್ಟುವುದಂತೂ ಬೇಡವೇ ಬೇಡ. ಶವರ್ ಇದೆ, ತಾನೇ ಸ್ನಾನ ಮಾಡಿಕೊಳ್ಳುತ್ತಾಳೆ. ಅತ್ತೆ ದಿನಗಟ್ಟಲೆ ಸೋಫಾದ ಅಂಚಿನಲ್ಲಿ ಕೂತು ಟಿವಿ ನೋಡಿದರು. ಕೊನೆಗೆ ನನ್ನನ್ನು ಕರೆದು, ಕ್ರಿಸ್‌ಮಸ್‌ಗೆ ಮೊದಲೇ ವಾಪಸ್ ಹೋಗಲು ಟಿಕೆಟ್ ಬದಲಾಯಿಸಿ ಕೊಡು ಎಂದರು. ನನಗೆ ಸಂಕಟವಾಯಿತು, ಬರೀ ಅವರ ಕೋಳಿಸಾರಿನ ಕೋರಿರೊಟ್ಟಿಗಾಗಿ ಅಲ್ಲ. ಆದರೂ ಹೊಸ ಟಿಕೆಟ್ ಮಾಡಿಸಿ ಸುಕೃತಾಳಿಗೂ ಹೇಳಿದೆ.

ಆ ಶನಿವಾರ ಸಂಜೆ ಕನ್ನಡ ಕ್ರೈಸ್ತರ ಪ್ರಾರ್ಥನಾ ಕೂಟ ನಮ್ಮ ಮನೆಯಲ್ಲೇ ಇತ್ತು. ಲಾರೆನ್ಸ್‌ವಿಲ್‌ನಿಂದ ಬಂದ ಕರುಣಾಕರ ಪಾದ್ರಿಗಳು ಚಕ್ಕುಲಿ ಎಲ್ಲಿದೆಯೆಂದು ನೋಡಿಕೊಂಡೇ ಬೈಬಲ್ ತೆರೆಯುವವರು. ಅವತ್ತು ಆರುನೂರು ವರ್ಷಕ್ಕೂ ಹಿಂದಿನ ಇಂಗ್ಲೆಂಡಿನ ಒಬ್ಬ ತಪಸ್ವಿನಿಯ ವಿಷಯ ತೆಗೆದರು. ಚರ್ಚಿನ ಗೋಡೆಗೆ ಅಂಟಿದ ಕೋಣೆಯಲ್ಲೇ ಜೀವನ ಕಳೆದ ಆಕೆಗೆ ಯೇಸು ತಾಯಿಯಾಗಿ ಕಂಡನಂತೆ. ಶಿಲುಬೆಯ ಮೇಲೆ ಪಟ್ಟದ್ದು ಹೆರಿಗೆಯ ನೋವು, ಹೆತ್ತದ್ದು ನಮ್ಮನ್ನು. ಎಲ್ಲರೂ ತಲೆದೂಗಿದರು. ಸುಕೃತಾ ಕೂಡ ಬ್ಯೂಟಿಫುಲ್ ಅಂದಳು.

ಅತ್ತೆ ಮಾತ್ರ ಹುಬ್ಬು ಗಂಟಿಕ್ಕಿದರು. "ಹಾಗಾದ್ರೆ ಅಯ್ಯನವರೇ, ಅವನ ಬಾಣಂತನ ಮಾಡಿದ್ದು ಯಾರು?"

ಚಕ್ಕುಲಿ ಪಾದ್ರಿಗಳ ಕೈಯಲ್ಲೇ ಉಳಿಯಿತು. ಯಾರೋ ನಕ್ಕರು, ಅತ್ತೆ ನಗಲಿಲ್ಲ. ಪಾದ್ರಿಗಳು ಯೋಚಿಸಿ, ಶಿಲುಬೆಗೇರಿಸಿದ ಮೂರನೆಯ ದಿನ ಹೆಂಗಸರು ಸುಗಂಧತೈಲ ಹಿಡಿದು ಸಮಾಧಿಗೆ ಹೋಗಿದ್ದರು, ಆದರೆ ಅಷ್ಟರಲ್ಲಿ ಅವನು ಎದ್ದು ಹೋಗಿದ್ದ ಎಂದರು. ಅವನೂ ಡಾಕ್ಟರಿರಬೇಕು ಎಂದು ನನ್ನ ಬಾಯಿಗೆ ಬಂತು, ನುಂಗಿಕೊಂಡೆ.

"ಪಾಪ, ಎಣ್ಣೆ ಹಿಡ್ಕೊಂಡು ಬಂದವ್ರು ಹಾಗೇ ನಿಂತ್ರಾ?" ಅತ್ತೆ ಮಗಳ ಮಡಿಲಲ್ಲಿದ್ದ ಮಗುವಿನ ಕಡೆ ನೋಡಿದರು. "ಆದ್ರೆ ಚಿಕ್ಕವನಿದ್ದಾಗ ಅಮ್ಮನ ಕೈಯಲ್ಲಿ ಮೀಯಿಸಿಕೊಂಡಿದ್ದಾನಲ್ಲ, ದೇವರಾಗಿಯೂ. ಅದಕ್ಕೇ ಮಗುವಾಗಿ ಬಂದದ್ದು ಅಂತ ಕಾಣ್ತದೆ."

ಸುಕೃತಾ ಮಗುವನ್ನು ಹೊದಿಸುವ ನೆಪದಲ್ಲಿ ತಲೆ ತಗ್ಗಿಸಿದಳು. ಪಾದ್ರಿಗಳು ಅವಸರದಲ್ಲಿ ಪ್ರಾರ್ಥನೆ ಮುಗಿಸಿದರು.

ಭಾನುವಾರ ಬೆಳಿಗ್ಗೆ ಸುಕೃತಾ ಗರಾಜಿನಿಂದ ನಾನು ಕಾರು ತೊಳೆಯುವ ಬಕೆಟ್ ತಂದು, ಉಜ್ಜಿ ತೊಳೆದು, ಅಮ್ಮನ ಮುಂದಿಟ್ಟಳು. ಎಣ್ಣೆ ಎಲ್ಲಿದೆ ಎಂದಷ್ಟೇ ಕೇಳಿದಳು. ಬಾತ್‌ರೂಮಿನ ಬಾಗಿಲು ಮುಚ್ಚಿತು. ಚೊಂಬಿನ ಸದ್ದು, ಅತ್ತೆಯ ಗದರಿಕೆ, ಆಮೇಲೆ ನಮ್ಮ ಡಾಕ್ಟರ್ ಬಿಕ್ಕಿ ಬಿಕ್ಕಿ ಅಳುವುದು ಕೇಳಿಸಿತು. ಗಾಬರಿಯಾಗಿ ಬಾಗಿಲು ತಟ್ಟಿ, ನೀರು ತುಂಬಾ ಬಿಸಿಯಾಯಿತೇ ಎಂದೆ.

"ನೀರು ಸರಿಯಾಗೇ ಇದೆ," ಎಂದಳು ಒಳಗಿನಿಂದ. "ನೀನು ಹೋಗಿ ಆ ಟಿಕೆಟ್ ಕ್ಯಾನ್ಸಲ್ ಮಾಡು."